ಮೊದಲ ಏಟು ಮನೆಯವರದು

ಮೆತ್ತನೆಯ ಮಣ್ಣಾದರೆ ಇಬ್ಬರು ಆಳು ಸೇರಿ ಒಂದು ದಿನಕ್ಕೆ ಇಪ್ಪತ್ತು ಮಾರು ಗುಂಡಿ ತೆಗೆಯುತ್ತಾರೆ. ಜಲ್ಲಿ ಸಿಕ್ಕರೆ ಹತ್ತು. ಬಂಡೆ ಸಿಕ್ಕರೆ ಇಬ್ಬರೂ ಅದರ ಮೇಲೆಯೇ ಕೂತು ಸಂಜೆ ಮಾಡುತ್ತಾರೆ. ಪೈಪಿನ ಬೆಲೆ ಬೇರೆ, ಪೈಪಿನೊಳಗೆ ಹೋಗುವ ಗಾಜಿನ ಎಳೆಯ ಬೆಲೆ ಬೇರೆ, ಎಳೆಗೆ ಎಳೆ ಕೂಡಿಸುವ ಬೆಸುಗೆಗೆ ಬೇರೆ. ಇದೆಲ್ಲ ಇಂಟರ್ನೆಟ್ ಲೈನು ಎಳೆಯಲು ನಾಲ್ಕು ಊರು ಕೂಡಿ ಕಟ್ಟಿಕೊಂಡ ಸಂಘದ ಲೆಕ್ಕ. ಅಂಗಳ ಅಗೆಯಲು ಮನೆಮನೆಯ ಒಪ್ಪಿಗೆ ತರುತ್ತಿದ್ದ ಕುರ್ಚಿಯವನಿಗೆ ತನ್ನದೇ ಒಂದು ಲೆಕ್ಕವಿತ್ತು. ಒಂದು ಅಂಗಳದ ಒಪ್ಪಿಗೆಗೆ ಕಡಿಮೆಯೆಂದರೂ ಎರಡು ಲೋಟ ಚಹಾ, ಅದರಲ್ಲಿ ಒಂದು ತಣ್ಣಗಿನದು. ಮನೆಯ ಯಜಮಾನನ ಬೆನ್ನುನೋವಿನ ಪೂರ್ತಿ ಚರಿತ್ರೆ. ಪಕ್ಕದ ಮನೆಯವರ ಮೇಲಿನ ದೂರು. ಕೊನೆಗೆ, ಇದರಿಂದ ನಮಗೇನು ಸಿಗುತ್ತೆ ಎಂಬ ಪ್ರಶ್ನೆ, ಅದಕ್ಕೆ ಉತ್ತರವಾಗಿ ಅವನ ನಗು. ಆ ನಗುವಿಗೇ ಎಲ್ಲಕ್ಕಿಂತ ಹೆಚ್ಚು ಖರ್ಚು ಬೀಳುತ್ತಿತ್ತು. ನಾಲ್ಕು ಊರು, ಮುನ್ನೂರು ಚಿಲ್ಲರೆ ಅಂಗಳ, ಮುನ್ನೂರು ಚಿಲ್ಲರೆ ನಗು. ಒಂದೇ ಒಂದು ಅಂಗಳವನ್ನು, ತನ್ನ ಅಕ್ಕನ ಮನೆಯದನ್ನು, ಅವನು ಕೇಳದೆ ಬಿಟ್ಟಿದ್ದ. ಅದನ್ನು ಬಳಸಿಕೊಂಡು ಹೋಗುವುದಕ್ಕೆ ಸಂಘಕ್ಕೆ ಆರುನೂರು ಮಾರು ಹೆಚ್ಚಿನ ಗುಂಡಿ, ಲಾರಿಗಳು ಓಡಾಡುವ ಒಂದು ಮೋರಿಯ ಕೆಳಗಿನ ದಾರಿ, ಒಂದೂವರೆ ವರ್ಷದಲ್ಲಿ ಮತ್ತೆ ಮತ್ತೆ ಕಡಿದುಹೋದ ಲೈನು, ಇಷ್ಟು ಖರ್ಚಾಗಿತ್ತು. ಈ ಬಾಬತ್ತನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಕೇಳದೆ ಬಿಟ್ಟ ಸಂಗತಿ ತನ್ನೊಬ್ಬನಿಗೇ ಗೊತ್ತು ಎಂದು ಅವನು ತಿಳಿದಿದ್ದ. ಊರಿಗೆಲ್ಲ ಅವನು ಹೇಳಿದ್ದು, ಕೇಳಿದೆ, ಒಪ್ಪಲಿಲ್ಲ ಎಂದು.

ಹಲ್ಲುಜ್ಜುತ್ತಿದ್ದಾಗಲೇ ಹೆಂಡತಿ ಬಂದು ಬಚ್ಚಲ ಬಾಗಿಲಿಗೆ ಒರಗಿ ನಿಂತಳು. "ಆಚೆ ಊರಲ್ಲಿ ಮತ್ತೆ ನೆಟ್ ಹೋಗಿದೆಯಂತೆ ರೀ. ಅಮ್ಮ ಫೋನ್ ಮಾಡಿದ್ರು." ಬಾಯಿ ತುಂಬ ನೊರೆ ಇಟ್ಟುಕೊಂಡೇ ಅವನು ಕೇಳಿದ, "ನಿಮ್ಮಮ್ಮನಿಗೆ ಇಷ್ಟು ಬೆಳಿಗ್ಗೆ ನೆಟ್ ಯಾಕೆ?" ಅವಳು, "ಮನೆಮನೆಗೆ ಹೋಗಿ ಹಾಕಿಸ್ಕೊಳ್ಳಿ ಹಾಕಿಸ್ಕೊಳ್ಳಿ ಅಂದೋರು ನೀವು. ಈಗ ಯಾಕೆ ಅಂತ ಬೇರೆ ಕೇಳ್ತೀರಾ," ಎಂದು ಹೋದಳು. ಅವನು ಉಗಿದ. ಗುಡ್ಡ ಅಗೆದು, ಹೊಳೆ ದಾಟಿಸಿ, ಬೆಳಕು ಓಡುವ ಎಳೆಯನ್ನು ತಂದು ಮನೆಯೊಳಗೆ ಬಿಟ್ಟರೆ ಈ ಜನ ಅದರಲ್ಲಿ ಮಾಡಿದ್ದೇನು? ಅತ್ತೆ ಬೆಳಗಿನಿಂದ ಸಂಜೆಯ ತನಕ ಗುರುತು ಪರಿಚಯವಿಲ್ಲದವರ ಮನೆಯ ಮದುವೆ ನೋಡುತ್ತಿದ್ದರು, ನೋಡಿ ಆ ಹುಡುಗಿಯ ಬುದ್ಧಿ ಸರಿಯಿಲ್ಲ ಎನ್ನುತ್ತಿದ್ದರು. ಕಟಿಂಗ್ ಅಂಗಡಿಯವನು ಯಾವುದೋ ದೇಶದ ಕಟಿಂಗ್ ಅಂಗಡಿಯವನನ್ನು ನೋಡುತ್ತಾ ತನ್ನ ಗಿರಾಕಿಯನ್ನು ಅರ್ಧ ಬೋಳಿಸಿ ಕೂರಿಸಿರುತ್ತಿದ್ದ. ಎದುರುಬದುರು ಮನೆಯವರು, ಕಿಟಕಿ ತೆಗೆದರೆ ಒಬ್ಬರ ಮುಖ ಒಬ್ಬರಿಗೆ ಕಾಣುವವರು, ಫೋನಿನಲ್ಲಿ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳಿಕೊಳ್ಳುತ್ತಿದ್ದರು. ಆಚೆ ಊರಿನ ಆಸ್ಪತ್ರೆಯ ನರ್ಸ್ ಒಬ್ಬಳು ಮಾತ್ರ ಎಕ್ಸ್‌ರೇ ಚಿತ್ರಗಳನ್ನು ದೂರದ ಡಾಕ್ಟರಿಗೆ ಕಳಿಸಿ, ಕೈಮುರಿದವರನ್ನು ಇಟ್ಟುಕೊಳ್ಳಬೇಕೋ ಸಾಗಿಸಬೇಕೋ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದಳು. ಅವಳ ನೆನಪಾದಾಗ ಮಾತ್ರ ಅವನ ತಿರಸ್ಕಾರಕ್ಕೆ ಕಾಲು ಜಾರುತ್ತಿತ್ತು. ಆದ್ದರಿಂದ ಅವಳನ್ನು ಅವನು ಹೆಚ್ಚು ನೆನೆಯುತ್ತಿರಲಿಲ್ಲ.

ಅವನ ಕಸುಬು ಸಮಾರಂಭಗಳಿಗೆ ಕುರ್ಚಿ ಬಾಡಿಗೆ ಕೊಡುವುದು. ಮನೆಯ ಹಿಂದಿನ ಗೋದಾಮಿನಲ್ಲಿ ಮಡಚುವ ಕಬ್ಬಿಣದ ಕುರ್ಚಿಗಳು ಗೋಡೆಗೆ ಒರಗಿ ನಿಂತಿದ್ದವು; ಒಂದೊಂದರ ಬೆನ್ನಿನ ಹಿಂದೆ ಅವನೇ ಬಿಳಿ ಬಣ್ಣದಲ್ಲಿ ಬರೆದ ನಂಬರು. ಜನರನ್ನು ಅವರು ನಿಂತಾಗ ನೋಡಿ ಪ್ರಯೋಜನವಿಲ್ಲ, ಕೂತಾಗ ನೋಡಬೇಕು ಎಂದು ಅವನು ಕಂಡುಕೊಂಡಿದ್ದ. ಯಾರು ಮುಂದಿನ ಸಾಲಿಗೆ ನುಗ್ಗುತ್ತಾರೆ, ಯಾರು ಕೂತ ಕುರ್ಚಿಯನ್ನೇ ಎಳೆದುಕೊಂಡು ದೊಡ್ಡವರ ಪಕ್ಕಕ್ಕೆ ಸರಿಯುತ್ತಾರೆ, ಯಾರ ಮನೆಯ ಸಾವಿಗೆ ನೂರು ಕುರ್ಚಿ ತರಿಸಿ ಮೂವತ್ತೂ ತುಂಬಲಿಲ್ಲ, ಅದಕ್ಕೆ ಮಾರನೆಯ ದಿನ ಬಾಡಿಗೆಯಲ್ಲಿ ಮುರಿದುಕೊಂಡರು. ಇಷ್ಟು ತಿಳಿದವನಾದ್ದರಿಂದಲೇ ಸಂಘದವರು ಅಂಗಳಗಳ ಒಪ್ಪಿಗೆ ತರುವ ಕೆಲಸವನ್ನು ಅವನಿಗೆ ಕೊಟ್ಟರು. ಸಂಘವೆಂದರೆ ಎಂಥ ಸಂಘ. ಕಂಪನಿಗಳು ನಿಮ್ಮಲ್ಲಿ ಜನ ಸಾಲದು ಎಂದು ಬೆನ್ನು ತಿರುಗಿಸಿದ್ದಕ್ಕೆ ನಾಲ್ಕು ಊರಿನವರು ಕೂಡಿ ತಾವೇ ಲೈನು ಎಳೆದುಕೊಳ್ಳುತ್ತೇವೆಂದು ಹೊರಟರು. ಬೋರ್ಡಿನ ಮೇಲೆ ಯಾವ ಊರಿನ ಹೆಸರು ಮೊದಲು ಬರಬೇಕೆಂದು ಮೂರು ತಿಂಗಳು ಕಿತ್ತಾಡಿದರು. ಕೊನೆಗೆ ಯಾರ ಹೆಸರೂ ಬೇಡವೆಂದು 'ನಮ್ಮ ಸಂಘ' ಎಂದಷ್ಟೇ ಬರೆಸಿದರು. ಅದರ ಮುಂದೆ ನಿಂತ ಹೊಸಬರು ಯಾರ ಸಂಘ ಎಂದು ಕೇಳುತ್ತಿದ್ದರು, ಇವರು ನಮ್ಮದು ಎನ್ನುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಒಪ್ಪಿಗೆಯ ವಿಷಯದಲ್ಲಿ ಸಂಘಕ್ಕೆ ಒಂದು ಪದ್ಧತಿಯಿತ್ತು. ಮೊದಮೊದಲು ಕಾಗದದ ಮೇಲೆ ಸಹಿ ತೆಗೆದುಕೊಂಡಿದ್ದರು. ಸಹಿ ಹಾಕಿದವರೇ ಗುಂಡಿ ತೆಗೆಯುವ ದಿನ ನಾಯಿ ಬಿಟ್ಟರು. ಆಗ ಅಧ್ಯಕ್ಷೆಯಾದ ಔಷಧದಂಗಡಿಯಾಕೆ ಹೇಳಿದಳು, ಕಾಗದ ಬೇಡ, ಮನೆಯವರೇ ತಮ್ಮ ಅಂಗಳದಲ್ಲಿ ಮೊದಲ ಗುದ್ದಲಿ ಏಟು ಹಾಕಲಿ. ಅಕ್ಕಪಕ್ಕದವರ ಎದುರಿಗೆ ತನ್ನ ನೆಲವನ್ನು ತಾನೇ ಅಗೆದವನು, ನನ್ನನ್ನು ಯಾರೂ ಕೇಳಲೇ ಇಲ್ಲ ಎಂದು ಆಮೇಲೆ ಹೇಳುವ ಹಾಗಿಲ್ಲ. ಪದ್ಧತಿಗೆ ಇನ್ನೊಂದು ಅರ್ಧವಿತ್ತು: ಒಪ್ಪಿಗೆ ತಂದವನೇ ಆ ಅಂಗಳವನ್ನು ಮುಚ್ಚಿ ಮೊದಲಿನ ಹಾಗೆ ಮಾಡಿಕೊಡಬೇಕು, ಕೂಲಿಯವರಿಗೆ ಬಿಡಬಾರದು. ಒಳ್ಳೆಯ ಮಾತಾಡಿ ಒಳಗೆ ಬಂದವನು ಮಣ್ಣು ಮೆತ್ತಿಕೊಂಡು ಹೊರಗೆ ಹೋಗಲಿ ಎಂದು ಆಕೆ ನಕ್ಕಿದ್ದಳು, ಎಲ್ಲರೂ ನಕ್ಕಿದ್ದರು. ಹೀಗೆ ಅವನು ಮುನ್ನೂರು ಮನೆಗಳ ಮುಂದೆ ಮೊಣಕಾಲೂರಿದ್ದ, ಅವರಿವರ ಗುಲಾಬಿ ಗಿಡ ಮತ್ತೆ ನೆಟ್ಟಿದ್ದ, ಯಾವನದೋ ಸತ್ತ ಬೆಕ್ಕಿನ ಗೋರಿಯ ಮೇಲೆ ಕಲ್ಲನ್ನು ಮೊದಲಿದ್ದ ಹಾಗೇ ಓರೆಯಾಗಿ ಇಟ್ಟಿದ್ದ. ನಿಮ್ಮ ತಮ್ಮನ ಹಾಗೆ ಅಂದುಕೊಳ್ಳಿ ಎಂದು ಬಾಯಿ ಹೇಳುತ್ತಿರುವಾಗ ಒಳಗೆ ಅವನು ಆ ಮನೆಯ ಒಬ್ಬೊಬ್ಬರನ್ನೂ ಕೂರಿಸಿ, ನಿಲ್ಲಿಸಿ, ಮಡಚಿ ಗೋಡೆಗೆ ಒರಗಿಸುತ್ತಿದ್ದ.

ಔಷಧದಂಗಡಿಯ ಹಿಂದಿನ ಕೋಣೆಯೇ ಸಂಘದ ಆಫೀಸು. ಮಾತ್ರೆಯ ರಟ್ಟಿನ ಡಬ್ಬಗಳ ನಡುವೆ ಹಸಿರು ದೀಪ ಮಿಣುಕುವ ಕಪ್ಪು ಪೆಟ್ಟಿಗೆಗಳು, ಕೆಮ್ಮಿನ ಔಷಧದ ವಾಸನೆ. ಅವನು ಹೋದಾಗ ಆಚೆ ಊರಿನ ಬೇಕರಿಯವನು ಆಗಲೇ ಬಂದು ಕೂತಿದ್ದ, ಮುಂಗೈಯಲ್ಲಿ ಹಿಟ್ಟು ಹಾಗೇ ಇತ್ತು. ಬೆಸುಗೆಯವಳು, ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವಳು, ಮೂಲೆಯಲ್ಲಿ ತನ್ನ ಪೆಟ್ಟಿಗೆ ಒರೆಸುತ್ತಿದ್ದಳು. "ಬನ್ನಿ ಬನ್ನಿ ಕುರ್ಚಿಯವರೇ," ಎಂದ ಬೇಕರಿಯವನು, "ನಿಮ್ಮ ಬಗ್ಗೆನೇ ಮಾತು. ಮೋರಿ ಕೆಳಗೆ ಲಾರಿ ಮತ್ತೆ ತುಳಿದಿದೆ. ನಮ್ಮೂರಲ್ಲಿ ಒಂದು ಪೆಟ್ಟಿಗೆಯ ದೀಪಾನೂ ಹತ್ತಿಲ್ಲ. ನಾಳೆ ಕಂಪನಿಯವರು ಬರ್ತಾ ಇದ್ದಾರೆ. ಕಂಬದ ಮೇಲೆ ಎಳೆದು ಕೊಡ್ತಾರಂತೆ. ನಿಮ್ಮ ಗುಂಡಿನೂ ಬೇಡ, ಮೋರಿನೂ ಬೇಡ, ನಿಮ್ಮಕ್ಕನೂ ಬೇಡ." ಬೆಸುಗೆಯವಳು ಫಕ್ಕನೆ ನಕ್ಕು, ನಕ್ಕದ್ದಕ್ಕೆ ತಲೆ ತಗ್ಗಿಸಿದಳು. ಆಚೆ ಊರು ಕೈಬಿಟ್ಟರೆ ಉಳಿದ ಮೂರು ಊರಿನ ತಿಂಗಳ ಚಂದಾದಿಂದ ಸಂಘ ನಡೆಯುವುದಿಲ್ಲ, ವರ್ಷದೊಳಗೆ ಬಾಗಿಲು ಹಾಕುತ್ತದೆ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಂಪನಿ ಒಂದು ಸಲ ಕಾಲಿಟ್ಟಮೇಲೆ ದರ ಎಲ್ಲಿಗೆ ಏರುತ್ತದೆಂದೂ ಗೊತ್ತಿತ್ತು. ಅವನಿಗೆ ಬೇಕರಿಯವನ ಮುಂಗೈ ಮಾತ್ರ ಕಾಣುತ್ತಿತ್ತು. ಇವನ ಮಗಳ ಮದುವೆಗೆ ಕೊಟ್ಟ ಕುರ್ಚಿಗಳು ವಾಪಸು ಬಂದಾಗ ಒಂದೊಂದರ ಕೆಳಗೂ ಒರೆಸಿದ ಕ್ರೀಮು ಇತ್ತು. ಇಂಥವರಿಗಾಗಿ ನಾಲ್ಕು ಊರು ಕೂಡಬೇಕು.

ಔಷಧದಂಗಡಿಯಾಕೆ ಯಾರಿಗೋ ಹನಿ ಔಷಧಿ ಕೊಟ್ಟು ಚಿಲ್ಲರೆ ಎಣಿಸಿ ಒಳಗೆ ಬಂದಳು. "ಈಗಲೇ ಹೋಗಿ ಕೇಳೋಣ. ನಾನೇ ಕೇಳ್ತೀನಿ ನಿಮ್ಮಕ್ಕನ್ನ."

"ಅವಳು ಒಪ್ಪೋಳಲ್ಲ ಮೇಡಂ. ನಾನು ಕೇಳಿದ್ದಾಯ್ತಲ್ಲ."

"ನೀವು ಕೇಳಿದ್ದು ತಮ್ಮನಾಗಿ. ನಾನು ಮಾತ್ರೆ ಕೊಡೋಳಾಗಿ ಕೇಳ್ತೀನಿ. ಅವರ ಯಜಮಾನರ ಬೀಪಿ ಮಾತ್ರೆ ನಮ್ಮಲ್ಲೇ ಅಲ್ವಾ ತಗೊಳ್ಳೋದು."

"ಹಾಗಾದ್ರೆ ಇಷ್ಟು ದಿನ ಯಾಕೆ ಕೇಳ್ಲಿಲ್ಲ?" ಎಂದ ಬೇಕರಿಯವನು.

"ಅಕ್ಕ ತಮ್ಮನ ಮಧ್ಯೆ ಯಾಕೆ ಬಾಯಿ ಹಾಕೋದು ಅಂತ ಬಿಟ್ಟಿದ್ದೆ ಕಣ್ರೀ. ಇನ್ನು ಬಿಟ್ರೆ ಆಗೋಲ್ಲ."

ಆಕೆಯ ಈ ಮರ್ಯಾದೆಯೇ ಒಂದೂವರೆ ವರ್ಷ ತನ್ನನ್ನು ಕಾಪಾಡಿತ್ತು ಎಂದು ಅವನಿಗೆ ಹೊಳೆಯಿತು, ಹೊಳೆದ ಕೂಡಲೆ ಆಕೆಯ ಮೇಲೆ ತಾತ್ಸಾರ ಬಂತು. ತಲೆನೋವು ಎಂದರೂ, ನಾಳೆ ಬರ್ತೀನಿ ಎಂದರೂ, ಏನು ಹೇಳಿದರೂ ಇವರು ತನ್ನನ್ನು ಬಿಟ್ಟು ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು. ಅಕ್ಕ ಬಾಗಿಲಲ್ಲಿ ನಿಂತು, ಯಾರು ಕೇಳಿದ್ದು? ನನ್ನನ್ನು ಯಾರೂ ಕೇಳೇ ಇಲ್ಲವಲ್ಲ, ಎನ್ನುತ್ತಾಳೆ. ಅದನ್ನು ಬೇಕರಿಯವನ ಬಾಯಿಂದ ಸಂಜೆ ಕೇಳುವುದಕ್ಕಿಂತ ತಾನೇ ಎದುರಿಗೆ ನಿಂತು ಕೇಳುವುದು ವಾಸಿ. ಬೀಳುವುದೇ ಆದರೆ ಅದನ್ನು ಬೇರೆಯವರು ವರ್ಣಿಸುವ ಹಾಗೆ ಬೀಳಬಾರದು. ಅವನು ಅಂಗಡಿಯ ಮೆಟ್ಟಿಲಿಳಿದು ಎಲ್ಲರಿಗಿಂತ ಮುಂದೆ ನಡೆದ.

ಒಂದೂವರೆ ವರ್ಷದ ಹಿಂದೆ, ಅವತ್ತೂ ಹೀಗೇ ಮುಂದೆ ಮುಂದೆ ನಡೆದಿದ್ದ. ಇದೇ ಕೋಣೆಯ ಮೇಜಿನ ಮೇಲೆ ನಕ್ಷೆ ಹಾಸಿ ಎಲ್ಲರ ಬೆರಳೂ ಮೂರನೇ ಊರಿನಿಂದ ಹೊರಟು ಅಕ್ಕನ ಮನೆಯ ಬಳಿ ಬಂದು ನಿಂತಾಗ, ಅಂಗಳ ದಾಟಿದರೆ ಆಚೆ ಊರಿನ ಓಣಿ, ಇಷ್ಟೇ ತಾನೆ, ಒಡಹುಟ್ಟಿದವರ ಮನೆ, ಸುಲಭ ಆಯ್ತು ಬಿಡಿ ಎಂದು ಯಾರೋ ಅಂದಿದ್ದರು. ಸಂಜೆ ಕ್ರಾಪು ತೀಡಿಕೊಂಡು ಹೋಗಿದ್ದ. ಬೀದಿಯ ತಿರುವಿನಲ್ಲಿ ದೀಪದ ಕಂಬದ ಹತ್ತಿರ ನಿಂತ. ಅಲ್ಲಿಂದ ಅಕ್ಕನ ಅಂಗಳದ ಚಪ್ಪಡಿ ಕಲ್ಲುಗಳು ಕಾಣುತ್ತಿದ್ದವು, ಒಣಗಲು ಹಾಕಿದ್ದ ಒಂದು ಹೊದಿಕೆ ಕಾಣುತ್ತಿತ್ತು, ಯಾರೋ ಕೆಮ್ಮಿದ್ದು, ಬಹುಶಃ ಭಾವ, ಕೇಳುತ್ತಿತ್ತು. ನಿಮ್ಮ ತಮ್ಮನ ಹಾಗೆ ಅಂದುಕೊಳ್ಳಿ ಎಂಬ ಮಾತನ್ನು ಇಲ್ಲಿ ಹೇಳುವ ಹಾಗಿಲ್ಲ ಎಂದು ಅವನಿಗೆ ಅನಿಸಿತು. ಬೇರೆ ಮಾತು ಅವನಿಗೆ ಬರುತ್ತಿರಲಿಲ್ಲ. ಕಂಬಕ್ಕೆ ಅಂಟಿಸಿದ್ದ ಯಾವುದೋ ಹರಿದ ಜಾಹೀರಾತನ್ನು ಪೂರ್ತಿ ಓದಿ ಹಿಂದಿರುಗಿದ. ಒಪ್ಪಲಿಲ್ಲ ಎಂದ. ಒಂದೇ ಮಾತು. ಅದಕ್ಕೆ ಬಂದ ಫಲ ನೋಡಿ ಅವನಿಗೇ ಬೆರಗಾಯಿತು. ಎಲ್ಲರೂ ಅವನ ಬೆನ್ನು ತಟ್ಟಿದರು, ಸ್ವಂತ ತಮ್ಮ ಅಂತಲೂ ನೋಡಲಿಲ್ಲವಲ್ಲ ಎಂದರು, ನಕ್ಷೆಯಲ್ಲಿ ಆ ಮನೆಯ ಮೇಲೆ ಯಾರೋ ಪೆನ್ಸಿಲಿನಿಂದ ಬಂಡೆ ಎಂದು ಬರೆದರು. ಗುಂಡಿ ತೋಡುವವರ ಬಾಯಲ್ಲಿ ಆಮೇಲೆ ಅದೇ ನಿಂತುಹೋಯಿತು, ಬಂಡೆಯ ಮನೆ, ಬಂಡೆಯಮ್ಮ. ಲೈನು ಕಡಿದಾಗಲೆಲ್ಲ ನಾಲ್ಕು ಊರು ಒಟ್ಟಾಗಿ ಅವಳನ್ನು ಬೈಯುತ್ತಿದ್ದವು. ಬೇರೆ ಯಾವ ವಿಷಯದಲ್ಲೂ ಈ ಜನ ಇಷ್ಟು ಒಗ್ಗಟ್ಟಾಗಿದ್ದದ್ದು ಅವನು ಕಂಡಿರಲಿಲ್ಲ.

"ನಿಮ್ಮಕ್ಕನಿಗೆ ಅಷ್ಟು ಕೋಪ ಯಾಕೆ ನಿಮ್ಮ ಮೇಲೆ?" ಪಕ್ಕಕ್ಕೆ ಬಂದ ಬೆಸುಗೆಯವಳು ಮೆಲ್ಲಗೆ ಕೇಳಿದಳು. ಅವನು, "ಅಮ್ಮ ತೀರಿಕೊಂಡ ದಿನ ಎಲ್ಲರ ಮುಂದೆ ನನ್ನ ಜೇಬಿಗೆ ದುಡ್ಡು ತುರುಕಿದಳು. ಕುರ್ಚಿ ಬಾಡಿಗೆ ಅಂತ," ಎಂದ. "ಅಯ್ಯೋ. ಸ್ವಂತ ತಮ್ಮನಿಗಾ," ಎಂದಳು ಅವಳು. ಹೀಗೇ ಹೇಳುತ್ತಿದ್ದ ಅವನು, ಯಾರು ಕೇಳಿದರೂ ಕತೆ ಜೇಬಿನಿಂದ ಶುರುವಾಗುತ್ತಿತ್ತು. ಅದಕ್ಕೂ ಹಿಂದಿನ ತುಣುಕನ್ನು ಹೆಂಡತಿಗೂ ಹೇಳಿರಲಿಲ್ಲ. ಅಮ್ಮ ಕೊನೆಯ ನಾಲ್ಕು ವರ್ಷ ಅಕ್ಕನ ಮನೆಯಲ್ಲಿದ್ದಳು; ಅವನ ಮನೆಯಲ್ಲಿ ಕುರ್ಚಿಗಳಿಗೆ ಜಾಗವಿತ್ತು, ಅಮ್ಮನಿಗಿರಲಿಲ್ಲ. ಹಾಗೆಂದು ಅಕ್ಕ ಯಾವತ್ತೂ ಅಂದಿರಲಿಲ್ಲ, ಅವಳ ಪರವಾಗಿ ಅವನೇ ಅಂದುಕೊಳ್ಳುತ್ತಿದ್ದ. ಅವತ್ತು ಐವತ್ತು ಕುರ್ಚಿ ತಂದು ಆ ಅಂಗಳದಲ್ಲಿ ಹಾಕಿದ್ದ. ಅಮ್ಮನನ್ನು ಸಾಗಿಸಿ, ಎಲ್ಲ ಮುಗಿಸಿ ಬಂದು, ಜನ ಕರಗಿದ ಮೇಲೆ ಕುರ್ಚಿ ಮಡಚತೊಡಗಿದ. ಕೈ ಮಡಚುತ್ತಿತ್ತು, ಬಾಯಿ ತನ್ನಷ್ಟಕ್ಕೆ ಎಣಿಸುತ್ತಿತ್ತು, ಇಪ್ಪತ್ತು ವರ್ಷದ ಅಭ್ಯಾಸ. ನಲವತ್ತೊಂಬತ್ತಕ್ಕೆ ನಿಂತಿತು. ಒಂದು ಕಮ್ಮಿ ಇದೆ ಎಂದ. ಮೆಲ್ಲಗೆ ಅಂದುಕೊಂಡೆ ಎಂದು ಅವನು ತಿಳಿದಿದ್ದ. ಅಂಗಳ ಪೂರ್ತಿ ತಿರುಗಿ ನೋಡಿತು. ಅಕ್ಕ ಒಳಗಿನಿಂದ ಬಂದಳು, ಕಣ್ಣು ಊದಿತ್ತು. ನೋಟುಗಳನ್ನು ಅವನ ಅಂಗಿಯ ಜೇಬಿಗೆ ಇಟ್ಟು, ಸ್ಕೂಲಿಗೆ ಹೊರಟ ಮಗುವಿಗೆ ಮಾಡುವ ಹಾಗೆ ಜೇಬಿನ ಗುಂಡಿ ಹಾಕಿ, "ಐವತ್ತಕ್ಕೂ ಬಾಡಿಗೆ ಇದೆ. ಕಮ್ಮಿ ಇರೋದರ ಬೆಲೆನೂ ಇದೆ. ಸರಿಯಾಗಿ ನೋಡ್ಕೋ," ಎಂದು ಒಳಗೆ ಹೋದಳು. ಅಂದಿನಿಂದ ಆ ಜೇಬಿನ ಗುಂಡಿ ಅವನ ಎದೆಯ ಮೇಲೆ ಹಾಗೇ ಇತ್ತು. ಹತ್ತು ವರ್ಷ ಅದನ್ನು ಬಿಚ್ಚಿರಲಿಲ್ಲ. ನಾಲ್ಕು ಊರಿನ ಜನರ ಹೊಲಸುತನ, ಜುಗ್ಗತನ, ಬೊಗಳೆ ಎಲ್ಲವನ್ನೂ ಅವನು ಕಂಡಿದ್ದ, ಆದರೆ ಅವನಿಗೇ ನೇರವಾಗಿ ಅನ್ಯಾಯ ಮಾಡಿದವಳು ಅಕ್ಕ ಒಬ್ಬಳೇ.

ದೀಪದ ಕಂಬ ದಾಟಿತು. ಕಂಬಕ್ಕೆ ಈಗ ಬೇರೆ ಜಾಹೀರಾತು. ಭಾವ ಜಗುಲಿಯ ಮೇಲೆ ಕಾಲು ಚಾಚಿ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಅವನನ್ನು ಕಂಡು ಮುಖ ಅರಳಿಸಿ, "ಏನಯ್ಯಾ, ದಾರಿ ತಪ್ಪಿತಾ?" ಎಂದರು. ಈ ಮನುಷ್ಯನಿಗೆ ಒಂದು ಸುಳ್ಳು ಹೇಳಲು ಬರುವುದಿಲ್ಲ, ಹಿಂದೆ ಅವನು ಇದನ್ನು ದಡ್ಡತನ ಎಂದು ತಮಾಷೆ ಮಾಡುತ್ತಿದ್ದ. ಈಗ ಅದು ನೆನಪಾಗಿ ಔಷಧದಂಗಡಿಯಾಕೆಯ ಹಿಂದಕ್ಕೆ ಸರಿದು ನಿಂತ. ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ತೂಕ ಇಳಿದಿದ್ದಳು. ನೆರೆಯವರು ಇಬ್ಬರು ಮೂವರು ಬೇಲಿಯ ಪಕ್ಕಕ್ಕೆ ಬಂದು, ತಮ್ಮ ಗಿಡ ನೋಡುವವರ ಹಾಗೆ ಬಾಗಿದರು.

"ನಿಮ್ಮ ತಮ್ಮ ಬಂದು ಕೇಳಿದಾಗ ನೀವು ಬೇಡ ಅಂದ್ರಿ," ಎಂದು ಔಷಧದಂಗಡಿಯಾಕೆ ಶುರು ಮಾಡಿದಳು. "ಅದಕ್ಕೇನೋ ಕಾರಣ ಇರುತ್ತೆ, ನಾನು ಕೇಳೋಕೆ ಬಂದಿಲ್ಲ. ಆದರೆ ಆ ಮೋರಿ ಹತ್ರ ಲೈನು ನಿಲ್ತಾ ಇಲ್ಲಮ್ಮ."

"ಯಾವಾಗ ಬಂದಿದ್ದ?" ಎಂದರು ಭಾವ. ಕತ್ತರಿ ಕೈಯಲ್ಲೇ ನಿಂತಿತ್ತು.

ಬೇಕರಿಯವನು ತಲೆ ಎತ್ತಿದ. ಕುರ್ಚಿಯವನು ಅಕ್ಕನ ಮುಖವನ್ನು ಬಿಟ್ಟು ಚಪ್ಪಡಿ ಕಲ್ಲುಗಳನ್ನು ನೋಡಿದ. ಒಂದರ ಮೂಲೆ ಮುರಿದಿತ್ತು, ಮುರಿದಲ್ಲಿ ಹುಲ್ಲು ಹುಟ್ಟಿತ್ತು.

"ನೀವು ಮಲಗಿದ್ರಿ," ಎಂದಳು ಅಕ್ಕ.

"ನಾನು ಮಧ್ಯಾಹ್ನ ಮಲಗೋದೇ ಇಲ್ಲವಲ್ಲೇ."

"ಸಂಜೆ ಬಂದಿದ್ದು. ಅವತ್ತು ಜ್ವರ ಇತ್ತು ನಿಮಗೆ, ಮಲಗಿದ್ರಿ." ಆಮೇಲೆ ಔಷಧದಂಗಡಿಯಾಕೆಯ ಕಡೆ ತಿರುಗಿ, "ಬಂದಿದ್ದ. ಬಾಗಿಲಲ್ಲೇ ನಿಂತು ಕೇಳಿದ, ಒಳಗೆ ಬಾ ಅಂದ್ರೂ ಬರ್ಲಿಲ್ಲ. ನನಗೆ ಮನಸ್ಸಿರ್ಲಿಲ್ಲ, ಬೇಡ ಅಂದೆ. ಈಗ ಏನಾಗ್ಬೇಕು?"

ಅವನು ಹೇಳಿದ ಸುಳ್ಳಿಗೆ ಬಾಗಿಲೂ ಇರಲಿಲ್ಲ, ಜ್ವರವೂ ಇರಲಿಲ್ಲ. ಒಂದೂವರೆ ವರ್ಷ ಅದು ಬರಿಯ ಒಂದು ಪದವಾಗಿತ್ತು. ಅವಳು ನಿಂತ ನಿಲುವಿನಲ್ಲಿ ಅದಕ್ಕೆ ಗೋಡೆ ಕಟ್ಟಿ, ಹೊತ್ತು ಕೊಟ್ಟು, ಅದರೊಳಗೆ ಅವನನ್ನು ನಿಲ್ಲಿಸಿದಳು. ಒಳಗೆ ಬಾ ಅಂದರೂ ಬರಲಿಲ್ಲ ಎಂಬುದನ್ನು ಯಾಕೆ ಸೇರಿಸಿದಳು? ಅದು ಬೇಕಿರಲಿಲ್ಲ. ಬೇಲಿಯ ಆಚೆಯವರು ಅವಳನ್ನು ನೋಡಿದ ನೋಟದಲ್ಲಿ ಹಳೆಯ ತಾತ್ಸಾರ ಹಾಗೇ ಇತ್ತು. ಅವಳು ಅದನ್ನು ಎಷ್ಟು ಸಲೀಸಾಗಿ ತೆಗೆದುಕೊಂಡಳೆಂದರೆ, ಬಹಳ ದಿನದಿಂದ ಉಟ್ಟ ಸೀರೆಯ ಹಾಗೆ ಅದು ಅವಳಿಗೆ ರೂಢಿಯಾಗಿತ್ತು. ಅವನಿಗೆ ಮೊದಲು ಬಂದದ್ದು ನೆಮ್ಮದಿ, ಬೆನ್ನ ಮೇಲಿನ ಬೆವರು ಒಮ್ಮೆಗೇ ಆರಿದ ಹಾಗೆ. ಅದರ ಬೆನ್ನಿಗೇ ಸಿಟ್ಟು ಬಂತು. ನನ್ನನ್ನು ಉಳಿಸು ಎಂದು ಇವಳನ್ನು ಯಾರು ಕೇಳಿದ್ದರು?

"ಈಗ ಒಪ್ತೀರಾ ಅಂತ ಕೇಳೋಕೆ ಬಂದೆ," ಎಂದಳು ಔಷಧದಂಗಡಿಯಾಕೆ.

"ಗುದ್ದಲಿ ತಂದಿದ್ದೀರಾ?"

ಔಷಧದಂಗಡಿಯಾಕೆ ಫೋನು ಮಾಡಿ ಕರೆಸಿದ ಕೆಲಸದವರು ಮುರಿದ ಮೂಲೆಯ ಕಲ್ಲನ್ನು ಹಾರೆಯಿಂದ ಎಬ್ಬಿಸಿ ಸರಿಸಿದರು. ಕೆಳಗೆ ಕಪ್ಪು ಹಸಿ ಮಣ್ಣು, ಬೆಚ್ಚಿ ಓಡಿದ ಒಂದೆರಡು ಹುಳ. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ಎತ್ತಿ, ಒಂದೇ ಏಟು ಹಾಕಿದಳು. ಉಳಿದವರು ಹೆದರಿಕೆಯಿಂದ ನೆಲ ಕೆರೆದ ಹಾಗೆ ಮಾಡುತ್ತಿದ್ದರು, ಮುನ್ನೂರು ಸಲ ಅವನು ನೋಡಿದ್ದ. ಇವಳ ಗುದ್ದಲಿ ಹಿಡಿಯ ತನಕ ಇಳಿಯಿತು, ತೆಗೆಯಲು ಒಬ್ಬ ಆಳು ಬರಬೇಕಾಯಿತು. "ಸಾಕೇನಪ್ಪ?" ಎಂದಳು ಆಳಿಗೆ. "ನಮಗೇನು ಕೆಲಸ ಬಿಟ್ಟಿದ್ದೀರಮ್ಮ," ಎಂದ ಅವನು. ಎಲ್ಲರೂ ನಕ್ಕರು. ಬೇಕರಿಯವನೂ ನಕ್ಕು, ಮನೆಗೆ ಎರಡು ಪೌಂಡು ಬ್ರೆಡ್ ಕಳಿಸ್ತೀನಿ ಎಂದ. ಅವನ ಮನಸ್ಸು ಎಷ್ಟು ಅಗ್ಗ, ಒಂದು ಏಟಿಗೆ ಬಂಡೆಯಮ್ಮ ಬ್ರೆಡ್ಡಿಗೆ ಅರ್ಹಳಾದಳು.

ಮಧ್ಯಾಹ್ನ ದಾಟುವ ಹೊತ್ತಿಗೆ ಗುಂಡಿ ಈಚೆಯ ಬೀದಿಯಿಂದ ಆಚೆಯ ಓಣಿಗೆ ಮುಟ್ಟಿತು. ಪೈಪು ಇಳಿಸಿ ಎಳೆ ನುಗ್ಗಿಸಿದರು. ಬೆಸುಗೆಯವಳು ದೊಡ್ಡ ಛತ್ರಿಯ ಕೆಳಗೆ ಕೂತು, ಕೂದಲಿಗಿಂತ ತೆಳುವಾದ ಗಾಜನ್ನು ಒರೆಸಿ, ಕತ್ತರಿಸಿ, ತನ್ನ ಯಂತ್ರದ ಬಾಯಿಗೆ ಕೊಟ್ಟಳು. ಭಾವ ಮಂಡಿಯ ಮೇಲೆ ಕೈಯೂರಿ ಬಾಗಿ, "ಇದರೊಳಗೆ ಅಷ್ಟೆಲ್ಲ ಜನ ಮಾತಾಡ್ತಾರಾ?" ಎಂದರು. "ಮಾತಾಡ್ತಾರೆ ತಾತ, ಒಬ್ಬರೂ ಕೇಳಿಸ್ಕೊಳ್ಳೋದಿಲ್ಲ ಅಷ್ಟೇ," ಎಂದಳು ಅವಳು, ಕಣ್ಣು ತೆಗೆಯದೆ. ಆಚೆ ತುದಿಯ ಬೆಸುಗೆಯೂ ಮುಗಿದು ಸ್ವಲ್ಪ ಹೊತ್ತಿಗೆ ಬೇಕರಿಯವನ ಫೋನು ಬಡಿದುಕೊಂಡಿತು. ಅವನು ಕೇಳಿ, ಇಟ್ಟು, "ಬಂತಂತೆ," ಎಂದ. ಕಂಪನಿಯವರ ಮಾತು ಅವನೂ ಎತ್ತಲಿಲ್ಲ, ಉಳಿದವರೂ ಎತ್ತಲಿಲ್ಲ. ಔಷಧದಂಗಡಿಯಾಕೆ ಅಕ್ಕನಿಗೆ, "ನಿಮ್ಮ ಮನೆಗೂ ಒಂದು ಲೈನು ಕೊಡ್ತೀವಿ, ಮೊದಲ ವರ್ಷ ಚಂದಾ ಬೇಡ," ಎಂದಳು. "ಅಂಗಳದಲ್ಲಿ ಹೋಗ್ಲಿ. ಮನೆಯೊಳಗೆ ಬೇಡ," ಎಂದಳು ಅಕ್ಕ. ಯಾರೂ ಒತ್ತಾಯ ಮಾಡಲಿಲ್ಲ. ಹೋಗುವಾಗ ಔಷಧದಂಗಡಿಯಾಕೆ ಅವನ ಕೈಗೆ ಸಲಿಕೆ ಕೊಟ್ಟಳು. "ಒಪ್ಪಿಗೆ ತಂದಿದ್ದು ನಾನೇ, ಮುಚ್ಚಬೇಕಾದೋಳೂ ನಾನೇ. ಆದರೆ ನನ್ನ ಸೊಂಟದ ಕತೆ ನಿಮಗೆ ಗೊತ್ತಲ್ಲ. ನಿಮ್ಮಕ್ಕನ ಮನೆ ಅಂಗಳ, ನೀವೇ ಮುಚ್ಚಿದ್ರೆ ಚಂದ."

ಎಲ್ಲರೂ ಹೋದರು. ಅವನು ಮಂಡಿಯೂರಿ ಮಣ್ಣು ಎಳೆದು ತುಂಬಿದ, ತುಳಿದ, ಮತ್ತೆ ತುಂಬಿದ. ಎಲ್ಲಿ ಎಷ್ಟು ತುಂಬಿದರೂ ಪೈಪಿನಷ್ಟು ಮಣ್ಣು ಮಿಕ್ಕುತ್ತದೆ, ಅದನ್ನು ಯಾವುದಾದರೂ ಗಿಡದ ಬುಡಕ್ಕೆ ಹಾಕಿ ಮರೆಸಬೇಕು. ಬೇರೆ ಅಂಗಳಗಳಲ್ಲಿ ಈ ಕೆಲಸ ಮಾಡುವಾಗ ಮನೆಯವರನ್ನು ಮನಸ್ಸಿನಲ್ಲೇ ಬೈಯುತ್ತಾ ಇರುತ್ತಿದ್ದ, ಹೊತ್ತು ಹೋಗುತ್ತಿತ್ತು. ಇವತ್ತು ಬೈಗುಳ ಹುಡುಕಿದರೂ ಸಿಗಲಿಲ್ಲ. ಅಕ್ಕ ಒಳಗಿನಿಂದ ಒಂದು ಕುರ್ಚಿ ತಂದು ಬಿಚ್ಚಿ ಜಗುಲಿಯ ಕೆಳಗೆ ಹಾಕಿಕೊಂಡು ಕೂತಳು. ಕಬ್ಬಿಣದ ಮಡಚುವ ಕುರ್ಚಿ. ಬೆನ್ನಿನ ಹಿಂದೆ ಬಿಳಿ ಬಣ್ಣ ಇನ್ನೂ ಮಾಸಿರಲಿಲ್ಲ, ಅವನದೇ ಅಕ್ಷರ. ಕಾಲುಗಳಿಗೆ ಹೊಸ ರಬ್ಬರು ಹಾಕಿಸಿದ್ದಳು.

"ಒಳಗೇ ಇತ್ತು," ಎಂದಳು, ಅವನ ಕಣ್ಣು ಹೋದದ್ದು ನೋಡಿ. "ಅಮ್ಮನ ಮಂಚದ ಪಕ್ಕ. ಅವತ್ತು ಬೆಳಿಗ್ಗೆ ನಾನೇ ತಗೊಂಡು ಹೋಗಿ ಕೂತಿದ್ದೆ. ಆಮೇಲೆ ನೆನಪಾಯ್ತು. ಬೆಲೆ ಕೊಟ್ಟಿದ್ನಲ್ಲ, ಇಟ್ಕೊಂಡೆ."

ಅವನು ಸಲಿಕೆಯ ಬೆನ್ನಿನಿಂದ ಮಣ್ಣು ತಟ್ಟಿದ. "ನಾನು ಬಂದೇ ಇರ್ಲಿಲ್ಲ," ಎಂದ.

"ಗೊತ್ತಿದೆ. ಎರಡನೇ ದಿನಾನೇ ಗೊತ್ತಾಯ್ತು. ತರಕಾರಿಯವಳು ತಕ್ಕಡಿ ಹಿಡ್ಕೊಂಡೇ ಕೇಳಿದಳು, ಯಾಕಮ್ಮ ಊರಿಗೆಲ್ಲ ಅಡ್ಡ ಮಲಗಿದ್ದೀಯ ಅಂತ."

"ಆಗಲೇ ಹೇಳಬಹುದಿತ್ತಲ್ಲ ನೀನು."

"ಏನಂತ? ನಮ್ಮ ತಮ್ಮ ನಮ್ಮ ಮನೆಗೆ ಬರೋದೇ ಇಲ್ಲ ಅಂತಾನಾ? ಅದನ್ನ ತಕ್ಕಡಿ ಮುಂದೆ ನಿಂತು ಹೇಳ್ಬೇಕಿತ್ತಾ?" ಆಮೇಲೆ ಬೇರೆ ಯಾರದೋ ವಿಷಯ ಯೋಚಿಸುವವಳ ಹಾಗೆ ಹೇಳಿದಳು, "ನೀನು ಬಂದು ಕೇಳಿದ್ರೂ ಬೇಡ ಅಂತಿದ್ದೆನೋ ಏನೋ. ಹಾಗಾಗಿ ಅದು ಪೂರಾ ಸುಳ್ಳಲ್ಲ ಅಂತ ಬಿಟ್ಟೆ."

ಅವಳು ಬೈಯಲಿ ಎಂದು ಅವನು ಕಾದ. ಬೈದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು; ಜೇಬಿನ ಪಕ್ಕದಲ್ಲಿ ಅದನ್ನೂ ಇಟ್ಟುಕೊಂಡು ಮನೆಗೆ ಹೋಗಬಹುದಿತ್ತು. ಅವಳು ಕೈಯಿಲ್ಲದ ಆ ಕುರ್ಚಿಯ ಪಕ್ಕಕ್ಕೆ ಕೈ ಇಳಿಬಿಟ್ಟು, ಅವನು ಕಲ್ಲು ಜೋಡಿಸುವುದನ್ನು ಕೆಲಸದವನನ್ನು ನೋಡುವ ಹಾಗೆ ನೋಡುತ್ತಿದ್ದಳು, ಸಿಟ್ಟಿಲ್ಲದೆ, ಕೆಲಸ ನೆಟ್ಟಗಾಗುತ್ತಿದೆಯೋ ಇಲ್ಲವೋ ಎಂದು. ಅವನು ಜೀವನವಿಡೀ ಜನರನ್ನು ನೋಡಿದ್ದು ಹೀಗೇ ಇರಬೇಕು, ಆದರೆ ಅವನ ನೋಟದಲ್ಲಿ ಇಷ್ಟು ನೆಮ್ಮದಿ ಎಂದೂ ಇರಲಿಲ್ಲ. ಒಂದೊಂದೇ ಚಪ್ಪಡಿ ಎತ್ತಿ, ಮೊದಲಿದ್ದ ಕಡೆಗೇ ತಿರುಗಿಸಿ, ಅಂಚಿಗೆ ಅಂಚು ಕೂಡಿಸಿದ. ಮುರಿದ ಮೂಲೆಯ ಕಲ್ಲನ್ನು ಹುಲ್ಲು ಸಮೇತ ಕೂರಿಸಿದ. ತುಟಿ ಅಲ್ಲಾಡುತ್ತಿದ್ದದ್ದು ಅವನಿಗೆ ತಿಳಿಯಲಿಲ್ಲ.

"ಎಣಿಸು, ಎಣಿಸು," ಎಂದಳು ಅಕ್ಕ. "ಒಂದು ಕಮ್ಮಿ ಇದ್ರೆ ಹೇಳು."

ಅವನ ಬಾಯಿ ನಿಂತುಹೋಯಿತು. ಎಲ್ಲಿಯ ತನಕ ಬಂದಿತ್ತೋ ಅದೂ ಮರೆತುಹೋಯಿತು. ಕಲ್ಲುಗಳೆಲ್ಲ ಸರಿಯಾಗಿದ್ದವು, ನೋಡಿದರೆ ಅಲ್ಲಿ ಯಾರೂ ಅಗೆದೇ ಇಲ್ಲ ಎನ್ನಬೇಕು. ಭಾವ ಚಹಾ ತಂದು ಅಂಗಳದಲ್ಲೇ ಅವನ ಕೈಗೆ ಕೊಟ್ಟರು. ಒಂದೇ ಲೋಟ, ಬಿಸಿಯಾಗಿತ್ತು. ನಿಂತೇ ಕುಡಿದು, ಲೋಟವನ್ನು ಜಗುಲಿಯ ಅಂಚಿನ ಮೇಲಿಟ್ಟ. "ಬರ್ತೀನಿ," ಎಂದ. "ಹ್ಞೂಂ," ಎಂದಳು ಅಕ್ಕ, ಕುರ್ಚಿ ಮಡಚಿ ಒಳಗೆ ತೆಗೆದುಕೊಂಡು ಹೋದಳು. ಒಳಗೆ ಬಾ ಎನ್ನಲಿಲ್ಲ. ಅಂದರೂ ಬರಲಿಲ್ಲ ಎಂದು ಬೆಳಿಗ್ಗೆಯೇ ಎಲ್ಲರ ಮುಂದೆ ಹೇಳಿಯಾಗಿತ್ತು.

ಆಚೆ ಊರು ಸಂಘದಲ್ಲಿ ಉಳಿಯಿತು. ಆರುನೂರು ಮಾರಿನ ಸುತ್ತು ತಪ್ಪಿತು. ಮೋರಿಯ ಕೆಳಗಿನ ಪೈಪನ್ನು ತೆಗೆಯುವುದಕ್ಕೂ ಖರ್ಚು ಎಂದು ಹಾಗೇ ಬಿಟ್ಟರು. ನರ್ಸ್ ಚಿತ್ರ ಕಳಿಸುತ್ತಾಳೆ, ಅತ್ತೆ ಮದುವೆ ನೋಡುತ್ತಾರೆ. ಬಂಡೆಯಮ್ಮ ಮನಸ್ಸು ಕರಗಿದ ಒಳ್ಳೆಯ ಹೆಂಗಸಾದಳು, ಅದೂ ಸುಳ್ಳೇ, ಆದರೆ ತರಕಾರಿಯವಳು ಈಗ ತೂಕಕ್ಕೆ ಒಂದು ಹಿಡಿ ಹೆಚ್ಚು ಹಾಕುತ್ತಾಳೆ. ಕುರ್ಚಿಯವನು ಕಳೆದುಕೊಂಡದ್ದು ಹತ್ತು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಅವಮಾನವನ್ನು. ನಾಲ್ಕು ಊರಿನ ಜನಕ್ಕಿಂತ ತಾನು ಮೇಲು ಎಂದುಕೊಳ್ಳುವುದಕ್ಕೆ ಅವನಿಗಿದ್ದ ಕಾರಣ ಅದೊಂದೇ.